ಮೂರು ಸಲ ಕೂತೆ, ಮೂರು ಸಲವೂ ನಿದ್ದೆ: ಅಡೂರ್ ನನಗೆ ದಕ್ಕೋದಿಲ್ಲವಾ?

ಪ್ರಶ್ನೆ: ಮೇಡಂ, ನಾನು ಪುತ್ತೂರು ಕಡೆಯವನು. ವಯಸ್ಸು 36, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ತ್ರಿಶೂರಿನವಳು. ಮದುವೆಯಾದ ಮೇಲೆ ಮಲಯಾಳಂ ಕಲಿತೆ. ಹೊಸ ಮಲಯಾಳಂ ಸಿನಿಮಾ ಒಂದನ್ನೂ ಬಿಡುವುದಿಲ್ಲ. ತೊಂದರೆ ಇರುವುದು ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಹತ್ತಿರ. ನಮ್ಮ ಮಾವನಿಗೆ ಅವರೆಂದರೆ ದೇವರು. ಮಾವನ ಮಾತು ಕೇಳಿ ಅಡೂರರ ‘ಎಲಿಪ್ಪತ್ತಾಯಂ’ (ಇಲಿಬೋನು) ನೋಡಲು ಮೂರು ಸಲ ಕೂತೆ. ಮೂರು ಸಲವೂ ನಲವತ್ತು ನಿಮಿಷಕ್ಕೆ ನಿದ್ದೆ ಬಂತು. ನಾಲ್ಕನೇ ಸಲ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸಿದೆ. ಮುಗಿದ ಮೇಲೂ ಏನೂ ಅನ್ನಿಸಲಿಲ್ಲ. ‘ಇಲಿ ಅಂದರೆ ಆ ಮನೆಯ ಯಜಮಾನನೇ’ ಅಂತ ಎಲ್ಲೋ ಓದಿದೆ. ಸರಿ, ಆಮೇಲೇನು? ಇದು ವಿದೇಶಿ ಚಿತ್ರೋತ್ಸವಕ್ಕೆ ಅಂತಲೇ ಮಾಡಿದ ಸಿನಿಮಾವಾ? ನನಗೇ ಅಭಿರುಚಿ ಇಲ್ಲವಾ? ಅಥವಾ ಎಲ್ಲರೂ ಸುಮ್ನೆ ಹೊಗಳುತ್ತಿದ್ದಾರಾ? ಮುಂದಿನ ತಿಂಗಳು ಮಾವ ಬರುತ್ತಾರೆ, ಒಟ್ಟಿಗೆ ಒಂದು ಅಡೂರ್ ಸಿನಿಮಾ ನೋಡೋಣ ಎಂದಿದ್ದಾರೆ. ಯಾವುದು ನೋಡಲಿ? ಇನ್ನೊಂದು ವಿಷಯ. ಈಚೆಗೆ ಅಡೂರ್ ಆಡಿದ ಮಾತು ಕೇಳಿ ಹೆಂಡತಿಗೆ ಬೇಸರವಾಗಿದೆ. ‘ನಾನಂತೂ ನೋಡಲ್ಲ’ ಅನ್ನುತ್ತಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಒಂದೂವರೆ ಪಟ್ಟು ವೇಗದ ವಿಷಯ ಮಾವನಿಗೆ ಹೇಳಬೇಡಿ. ಅದೊಂದು ನಮ್ಮಿಬ್ಬರಲ್ಲೇ ಇರಲಿ.

‘ಎಲಿಪ್ಪತ್ತಾಯಂ’ ನೋಡುತ್ತಾ ನಿದ್ದೆ ಹೋದವರಲ್ಲಿ ನೀವು ಮೊದಲಿಗರೇನಲ್ಲ. ನಾನು ಸುಮಾರು ಮೂವತ್ತು ವರ್ಷದಿಂದ ಊರಿನ ಫಿಲಂ ಸೊಸೈಟಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾಲೇಜುಗಳಲ್ಲಿ ಚಿತ್ರ ರಸಗ್ರಹಣ ಶಿಬಿರ ನಡೆಸುತ್ತೇನೆ. ಹಿಂದಿನ ಸಾಲಿನಿಂದ ಬರುವ ಗೊರಕೆ ನನಗೆ ಹೊಸದಲ್ಲ. ಒಮ್ಮೆಯಂತೂ ಗೊರಕೆ ನಮ್ಮ ಕಾರ್ಯದರ್ಶಿಯವರದೇ. ದೀಪ ಹತ್ತಿದ ಮೇಲೆ ‘ಅದ್ಭುತ ಕೃತಿ’ ಅಂತ ಮೊದಲು ಎದ್ದು ನಿಂತವರೂ ಅವರೇ. ಹಾಗಾಗಿ ಸುಮ್ನೆ ಹೊಗಳುವವರು ಇದ್ದಾರಾ ಅಂದರೆ, ಇದ್ದಾರೆ. ಆದರೆ ಭಕ್ತರಲ್ಲಿ ಕೆಲವರು ನಾಟಕ ಆಡುತ್ತಾರೆ ಅಂತ ದೇವಸ್ಥಾನವೇ ಸುಳ್ಳಾಗುವುದಿಲ್ಲವಲ್ಲ.

ಅಭಿರುಚಿಯ ಪ್ರಶ್ನೆಗೆ ಬರೋಣ. ನೀವು ಪುತ್ತೂರಿನವರು ಅಂದಿರಿ. ಹಾಗಾದರೆ ಒಂದು ಸಲವಾದರೂ ತಾಳಮದ್ದಳೆಗೆ ಕೂತಿರುತ್ತೀರಿ. ಭಾಗವತರು ಒಂದು ಪದ ಹಾಡುತ್ತಾರೆ, ಎರಡೇ ಸಾಲು. ಆಮೇಲೆ ಅರ್ಥಧಾರಿ ಆ ಎರಡು ಸಾಲು ಹಿಡಿದು ಅರ್ಧ ಗಂಟೆ ಮಾತಾಡುತ್ತಾರೆ. ಕಥೆ ಒಂದು ಇಂಚೂ ಮುಂದೆ ಹೋಗಿರುವುದಿಲ್ಲ. ಕರ್ಣ ಇನ್ನೂ ಅಲ್ಲೇ ಇದ್ದಾನೆ, ಕೃಷ್ಣ ಇನ್ನೂ ಅಲ್ಲೇ ಇದ್ದಾನೆ. ಯಾರಾದರೂ ‘ಏನಪ್ಪಾ ಇದು ಇಷ್ಟು ನಿಧಾನ’ ಅನ್ನುತ್ತಾರಾ? ಇಲ್ಲ. ಯಾಕೆಂದರೆ ಮುಂದೇನಾಗುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ನೀವು ಅಲ್ಲಿ ಕೂತಿರುವುದು ‘ಹೇಗೆ’ ಅನ್ನುವುದಕ್ಕೆ. ಕಿವಿ ಎಲ್ಲಿಡಬೇಕು ಅಂತ ನಿಮಗೆ ಚಿಕ್ಕಂದಿನಲ್ಲೇ ಗೊತ್ತಾಗಿದೆ. ತಾಳ್ಮೆ ನಿಮ್ಮಲ್ಲಿ ಬೇಕಾದಷ್ಟಿದೆ. ಅಡೂರ್ ಸಿನಿಮಾದಲ್ಲಿ ಕಣ್ಣು, ಕಿವಿ ಎಲ್ಲಿಡಬೇಕು ಅನ್ನುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಈ ಹೋಲಿಕೆ ನಾನು ಸುಮ್ನೆ ತಂದದ್ದಲ್ಲ. ಅಡೂರ್ 1941ರಲ್ಲಿ ಹುಟ್ಟಿದ್ದು ಕಥಕಳಿಗೆ ಆಶ್ರಯ ಕೊಟ್ಟ ಮನೆತನದಲ್ಲಿ. ಕಥಕಳಿಯಲ್ಲೂ ಹಾಗೇ: ಹಾಡಿನ ಒಂದು ಸಾಲನ್ನು ನಟ ಕೈಮುದ್ರೆಯಲ್ಲಿ, ಕಣ್ಣಿನಲ್ಲಿ ಬಿಡಿಸುತ್ತಾ ಹೋಗುತ್ತಾನೆ. ಮುಂದೆ ಅವರು ಕಥಕಳಿ, ಕೂಡಿಯಾಟ್ಟಂ, ಕೃಷ್ಣನಾಟ್ಟಂ ಎಂಬ ಕೇರಳದ ರಂಗಕಲೆಗಳ ಮೇಲೆ ಸಾಕ್ಷ್ಯಚಿತ್ರಗಳನ್ನೂ ಮಾಡಿದರು. ಒಂದು ಸಣ್ಣ ವಿಷಯವನ್ನು ಎಷ್ಟು ಹೊತ್ತು ನೋಡಬಹುದು ಅನ್ನುವುದು ಅವರಿಗೆ ಯುರೋಪಿನಿಂದ ಬಂದ ಪಾಠವೇನಲ್ಲ. ಅಂಗಳದಲ್ಲಿ ರಾತ್ರಿಯಿಡೀ ಕೂತು ನೋಡಿದ್ದು ಅದು.

ಹಾಗೆಯೇ ಅವರು ಗೊತ್ತಿಲ್ಲದೆ ನಿಧಾನ ಮಾಡಿದವರೂ ಅಲ್ಲ. ಗಾಂಧಿಗ್ರಾಮದಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ, ಸರ್ಕಾರದ ಸ್ಯಾಂಪಲ್ ಸರ್ವೇ ಕೆಲಸದಲ್ಲಿದ್ದವರು. ಅದನ್ನು ಬಿಟ್ಟು 1962ರಲ್ಲಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು. 1965ರಲ್ಲಿ ತಿರುವನಂತಪುರದಲ್ಲಿ ಗೆಳೆಯರ ಜೊತೆ ಚಿತ್ರಲೇಖಾ ಫಿಲಂ ಸೊಸೈಟಿ ಕಟ್ಟಿದರು. ಮೊದಲ ಕಥಾಚಿತ್ರ ‘ಸ್ವಯಂವರಂ’ ಬಂದಿದ್ದು 1972ರಲ್ಲಿ, ಅದಕ್ಕೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ. ಅಲ್ಲಿಂದ 2016ರ ‘ಪಿನ್ನೆಯುಂ’ವರೆಗೆ ನಲವತ್ತನಾಲ್ಕು ವರ್ಷದಲ್ಲಿ ಹನ್ನೆರಡೇ ಕಥಾಚಿತ್ರ. ಅವಸರ ಇಲ್ಲದಿರುವುದು ತೆರೆಯ ಮೇಲೆ ಮಾತ್ರ ಅಲ್ಲ, ನೋಡಿ.

ಈಗ ‘ವಿದೇಶಿಯರಿಗೆ ಮಾಡಿದ್ದು’ ಅನ್ನುವ ಮಾತು. ಇದು ನಮ್ಮಲ್ಲಿ ಕನ್ನಡದ ಕಲಾತ್ಮಕ ಸಿನಿಮಾಗಳಿಗೂ ಕೇಳಿಬರುವ ಹಳೇ ದೂರು. ‘ಎಲಿಪ್ಪತ್ತಾಯಂ’ಗೆ 1982ರಲ್ಲಿ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್‌ನ ಸದರ್ಲೆಂಡ್ ಟ್ರೋಫಿ ಬಂತು, ನಿಜ. ಆದರೆ ಆ ಸಿನಿಮಾದ ಗಂಟು ಇರುವುದೇ ಕೇರಳದ ತರವಾಡಿನಲ್ಲಿ, ಅಂದರೆ ಹಳೇ ಕೂಡುಕುಟುಂಬದ ಮನೆಯಲ್ಲಿ. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಮಾತ್ರ ಮನೆಯ ಹಿರಿಯ ಗಂಡಸಿನದು. ಲಂಡನ್ನಿನವರಿಗೆ ಇದನ್ನು ವಿವರಿಸಿ ಹೇಳಬೇಕು. ನಿಮಗೆ ಬೇಕಾ? ನಿಮ್ಮ ಊರಿನ ಕಡೆಯೂ ಇಂಥದೇ ಪದ್ಧತಿ, ಅಳಿಯಕಟ್ಟು, ಇತ್ತು. ಅರ್ಧ ಬಿದ್ದ ಗುತ್ತಿನ ಮನೆ, ಬೀಗ ಹಾಕಿದ ಉಪ್ಪರಿಗೆ, ಪಾಲು ಕೇಳಲು ಬಂದ ಅಕ್ಕ, ಮದುವೆಯಾಗದೆ ಉಳಿದ ತಂಗಿ, ಇವೆಲ್ಲ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೇಳಿದ ಕಥೆಯೇ ಅಲ್ವಾ? ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕುವ ಕಾನೂನು 1975ರಲ್ಲಿ ಬಂತು. ಅದಕ್ಕೂ ಮೊದಲೇ ಗೇಣಿ ಹೋಗಿತ್ತು. ಸಿನಿಮಾ ಬಂದಿದ್ದು 1981ರಲ್ಲಿ. ಕೇರಳದ ಪ್ರೇಕ್ಷಕರಿಗೆ ಅದು ನಿನ್ನೆ ಮೊನ್ನೆ ಕುಸಿದ ಮನೆ.

‘ಅಡೂರ್ ಸಿನಿಮಾ ಯಾರೂ ನೋಡಲಿಲ್ಲ’ ಅನ್ನುವುದೂ ಪೂರ್ತಿ ಸರಿಯಲ್ಲ. ‘ಕೊಡಿಯೇಟ್ಟಂ’ ಕೇರಳದ ಥಿಯೇಟರ್‌ಗಳಲ್ಲಿ ಜನ ನೋಡಿ ಗೆಲ್ಲಿಸಿದ ಸಿನಿಮಾ. ಬೇಕಾದರೆ ಮಾವನನ್ನೇ ಕೇಳಿ.

ಆದರೆ ನಿಮಗೆ ನಿಜವಾಗಿ ತೊಂದರೆ ಕೊಟ್ಟಿರುವುದು ಇದ್ಯಾವುದೂ ಅಲ್ಲ ಅಂತ ನನ್ನ ಅಂದಾಜು. ‘ಇಲಿ ಅಂದರೆ ಅವನೇ’ ಅನ್ನುವ ಆ ಒಂದು ಸಾಲು ಕೊಟ್ಟಿದೆ. ಎಲಿಪ್ಪತ್ತಾಯಂ ಅಂದರೆ ಇಲಿಬೋನು. ಸಂಕೇತ ಇದೆ, ಅಡೂರ್ ಅದನ್ನು ಬಚ್ಚಿಟ್ಟೂ ಇಲ್ಲ, ಹೆಸರಲ್ಲೇ ಹೇಳಿದ್ದಾರೆ. ಆದರೆ ಅದನ್ನು ಒಗಟಿನ ಉತ್ತರದ ಹಾಗೆ ಮೊದಲೇ ಜೇಬಿನಲ್ಲಿಟ್ಟುಕೊಂಡು ಕೂತರೆ ಎರಡು ಗಂಟೆ ಏನು ಮಾಡುವುದು? ನಿದ್ದೆ ಬರದೆ ಇರುತ್ತದಾ?

ಒಂದು ಘಟನೆ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ಒಂದು ಶಿಬಿರದಲ್ಲಿ ಈ ಸಿನಿಮಾ ಹಾಕಿದ್ದೆವು. ವಿದ್ಯಾರ್ಥಿಗಳೆಲ್ಲ ನೋಟ್‌ಬುಕ್ ಹಿಡಿದು, ಹುಬ್ಬು ಗಂಟಿಕ್ಕಿ ಕೂತಿದ್ದರು. ಉಣ್ಣಿ, ಅಂದರೆ ಆ ಮನೆಯ ಯಜಮಾನ, ಆರಾಮಕುರ್ಚಿಯಲ್ಲಿ ಕೂತಿದ್ದಾನೆ. ಅಂಗಳಕ್ಕೆ ದನ ನುಗ್ಗಿದೆ. ಅವನು ಏಳುವುದಿಲ್ಲ. ಕೂತಲ್ಲಿಂದಲೇ ತಂಗಿಯನ್ನು ಕೂಗುತ್ತಾನೆ, ‘ರಾಜಮ್ಮಾ’ ಅಂತ. ಆಗ ಹಿಂದಿನಿಂದ ಒಂದು ಜೋರು ನಗು ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಶಿಬಿರದ ಅಡುಗೆಗೆ ಬಂದಿದ್ದ ಹೆಂಗಸು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ‘ನಮ್ಮ ಮನೇಲೂ ಒಬ್ಬರಿದಾರೆ, ನೀರು ಲೋಟ ಎದುರಿಗೇ ಇದ್ದರೂ ಕೂಗ್ತಾರೆ’ ಅಂದಳು. ಆಕೆಗೆ ಮಲಯಾಳಂ ಬರದು, ಸಬ್‌ಟೈಟಲ್ ಓದಲೂ ಬರದು. ನನಗೆ ಅವತ್ತು ನಾಚಿಕೆಯಾಯಿತು. ನಾನು ಅದುವರೆಗೆ ನಾಲ್ಕು ಸಲ ಆ ಸಿನಿಮಾ ನೋಡಿದ್ದೆ, ಒಂದು ಸಲವೂ ನಕ್ಕಿರಲಿಲ್ಲ. ಅದರಲ್ಲಿ ತಮಾಷೆ ಇದೆ ಅಂತಲೇ ನನಗೆ ಹೊಳೆದಿರಲಿಲ್ಲ.

ಆಮೇಲೆ ನೋಡಿದರೆ ಸಿನಿಮಾ ತುಂಬಾ ಇಂಥವೇ. ಉಣ್ಣಿ ಬಿಳೀ ಬಟ್ಟೆ ಉಟ್ಟು, ಕೊಡೆ ಹಿಡಿದು, ಮದುವೆಗೆ ಹೊರಡುತ್ತಾನೆ. ದಾರಿಯಲ್ಲಿ ಒಂದು ಕಡೆ ನೀರು ನಿಂತಿದೆ. ಮೇಲಿಂದ ನೋಡುತ್ತಾನೆ, ಕೆಳಗಿಂದ ನೋಡುತ್ತಾನೆ, ದಾಟಲು ಆಗುವುದಿಲ್ಲ. ವಾಪಸ್ಸು ಮನೆಗೆ. ಇಷ್ಟೇ ದೃಶ್ಯ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ ಇದು ‘ಒಬ್ಬ ಮನುಷ್ಯ ಹೋದ, ಬಂದ’ ಅಂತಾಗುತ್ತದೆ. ಅವನು ನಿಂತು ಯೋಚಿಸುವ ಆ ಹೊತ್ತಿನಲ್ಲೇ ನಗು ಇರುವುದು, ಆ ಹೊತ್ತನ್ನೇ ನೀವು ಕತ್ತರಿಸಿಬಿಟ್ಟಿರಿ. ತಾಳಮದ್ದಳೆಯ ರೆಕಾರ್ಡಿಂಗನ್ನು ವೇಗವಾಗಿ ಓಡಿಸಿ ಕೇಳಿದ ಹಾಗೆ.

ಅವರ ಕೆಲಸದ ರೀತಿ ಹೀಗೆ. ಮಾಮೂಲಿ ಸಿನಿಮಾದಲ್ಲಿ ಪಾತ್ರ ಹೇಗಿದೆ ಅನ್ನುವುದನ್ನು ಘಟನೆ ಹೇಳುತ್ತದೆ, ಯಾರೋ ಮಾತಲ್ಲಿ ಹೇಳುತ್ತಾರೆ, ಉಳಿದದ್ದನ್ನು ಹಿನ್ನೆಲೆ ಸಂಗೀತ ಹೇಳುತ್ತದೆ. ಅಡೂರ್ ಅದನ್ನು ದಿನದ ಕೆಲಸದಲ್ಲಿ ಇಡುತ್ತಾರೆ. ಯಾರು ಎದ್ದರು, ಯಾರು ಕೂತರು, ಯಾರು ಕೂಗಿದರು, ಯಾರು ಓಡಿ ಬಂದರು. ಉಣ್ಣಿ ಉಗುರು ಕತ್ತರಿಸುತ್ತಾನೆ, ಮೀಸೆ ತೀಡುತ್ತಾನೆ, ಪೇಪರ್ ಓದುತ್ತಾನೆ. ರಾತ್ರಿ ತೋಟದಲ್ಲಿ ಕಳ್ಳರು ಕಾಯಿ ಕೀಳುವ ಸದ್ದು ಕೇಳಿದರೂ ಹೊರಗೆ ಹೋಗುವುದಿಲ್ಲ. ಶಾರದಾ ಮಾಡಿದ ರಾಜಮ್ಮನ ಪಾತ್ರ ಮಾತ್ರ ಸಿನಿಮಾದುದ್ದಕ್ಕೂ ನಡೆಯುತ್ತಲೇ ಇರುತ್ತದೆ, ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಕೆರೆಗೆ. ಅವಳಿಗೆ ಬಂದ ಮದುವೆ ಸಂಬಂಧಗಳೂ ತಪ್ಪಿಹೋಗುತ್ತವೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಹೋದರೆ ಇವನಿಗೆ ಬಿಸಿನೀರು ಕಾಯಿಸುವವರು ಯಾರು?

ಒಡಹುಟ್ಟಿದ ಮೂವರು ಹೆಣ್ಣುಮಕ್ಕಳಿಗೆ ಮೂರು ಬಣ್ಣ ಇದೆ, ಗಮನಿಸಿದಿರಾ? ಅಡೂರ್‌ಗೆ ಇದು ಮೊದಲ ಬಣ್ಣದ ಸಿನಿಮಾ, ಯೋಚನೆ ಮಾಡಿಯೇ ಬಳಸಿದ್ದಾರೆ. ರಾಜಮ್ಮನಿಗೆ ನೀಲಿ, ಮನೆಬಿಟ್ಟು ಹೋಗುವ ಕಿರಿಯವಳು ಶ್ರೀದೇವಿಗೆ ಕೆಂಪು, ಪಾಲು ಕೇಳಲು ಬರುವ ದೊಡ್ಡವಳು ಜಾನಮ್ಮನಿಗೆ ಹಸಿರು. ಇನ್ನು ಶಬ್ದ. ಈ ಸಿನಿಮಾಕ್ಕೆ ಶಬ್ದಗ್ರಹಣಕ್ಕೂ ರಾಷ್ಟ್ರೀಯ ಪ್ರಶಸ್ತಿ ಬಂದಿದೆ, ಪಿ. ದೇವದಾಸ್ ಅವರಿಗೆ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ನೋಡಿದರೆ ಅರ್ಧ ಸಿನಿಮಾ ನಿಮಗೆ ಕೇಳಿಸಿಯೇ ಇರುವುದಿಲ್ಲ. ಕತ್ತಲೆ ಮನೆಯಲ್ಲಿ ಇಲಿ ಎಲ್ಲಿದೆ ಅಂತ ಗೊತ್ತಾಗುವುದು ಕಣ್ಣಿಗಲ್ಲವಲ್ಲ, ಕಿವಿಗೆ.

ಒಂದು ಮಾತು ಕೇಳುತ್ತೇನೆ. ಹೊಸ ಮಲಯಾಳಂ ಸಿನಿಮಾ ಒಂದನ್ನೂ ಬಿಡುವುದಿಲ್ಲ ಅಂದಿರಿ. 2021ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿರುತ್ತೀರಿ. ಹೆಚ್ಚುವುದು, ರುಬ್ಬುವುದು, ಬಡಿಸುವುದು, ಪಾತ್ರೆ, ಸಿಂಕು, ಮತ್ತೆ ಹೆಚ್ಚುವುದು. ಅಲ್ಲಿ ನಿದ್ದೆ ಬಂತಾ? ಬಂದಿರಲಿಕ್ಕಿಲ್ಲ. ಅದೇ ಕೆಲಸ ಮತ್ತೆ ಮತ್ತೆ ಬರುವುದನ್ನು ನೋಡಿ ಸಿಟ್ಟು ಬಂದಿರುತ್ತದೆ. ‘ಎಲಿಪ್ಪತ್ತಾಯಂ’ ನಲವತ್ತು ವರ್ಷ ಮೊದಲು ಮಾಡಿದ್ದೂ ಹೆಚ್ಚುಕಡಿಮೆ ಇದೇ. ವ್ಯತ್ಯಾಸ ಅಂದರೆ, ಹೊಸ ಸಿನಿಮಾ ನಮ್ಮನ್ನು ಆ ಹೆಣ್ಣಿನ ಪಕ್ಕದಲ್ಲಿ ನಿಲ್ಲಿಸುತ್ತದೆ. ಅಡೂರ್ ಆರಾಮಕುರ್ಚಿಯವನ ಎದುರು ಕೂರಿಸುತ್ತಾರೆ. ಅವನ ಜೊತೆ ಎರಡು ಗಂಟೆ ಕೂರುವುದು ಕಷ್ಟವೇ, ಒಪ್ಪುತ್ತೇನೆ.

ಹಾಗಂತ ನನಗೆ ಎಲ್ಲವೂ ಮೊದಲಿಗೇ ದಕ್ಕಿತು ಅಂದುಕೊಳ್ಳಬೇಡಿ. 1984ರ ‘ಮುಖಾಮುಖಂ’ ನಾನು ನೋಡಿದ್ದು ಇಪ್ಪತ್ತೆರಡರ ವಯಸ್ಸಿನಲ್ಲಿ. ಅರ್ಧಕ್ಕೇ ಎದ್ದು ಹೊರಗೆ ಬಂದೆ. ಹೆಂಚಿನ ಕಾರ್ಖಾನೆಯ ಯೂನಿಯನ್ ನಾಯಕ ಶ್ರೀಧರನ್, ಕಮ್ಯುನಿಸ್ಟ್. ಮಾಲೀಕನ ಕೊಲೆಯಾದಾಗ ಭೂಗತನಾಗುತ್ತಾನೆ. ಎಷ್ಟೋ ವರ್ಷವಾದ ಮೇಲೆ, ಪಕ್ಷ ಒಡೆದು ಎರಡಾದ ಕಾಲಕ್ಕೆ, ವಾಪಸ್ಸು ಬರುತ್ತಾನೆ. ಬಂದವನು ಭಾಷಣ ಮಾಡುವುದಿಲ್ಲ. ಮಲಗುತ್ತಾನೆ. ಕುಡಿಯುತ್ತಾನೆ, ಮತ್ತೆ ಮಲಗುತ್ತಾನೆ. ಕೇರಳದಲ್ಲಿ ಎಡಪಕ್ಷದವರಿಗೆ ಸಿಟ್ಟು ಬಂದಿತ್ತು. ನನಗೂ ಬಂತು, ಹೋರಾಟಗಾರರಿಗೆ ಅವಮಾನ ಮಾಡಿದ್ದಾರೆ ಅಂತ. ಆಮೇಲೆ ಹದಿನೈದು ವರ್ಷ ಕಳೆಯಿತು. ನಮ್ಮ ಊರಲ್ಲೇ ಒಬ್ಬರಿದ್ದರು, ಎಪ್ಪತ್ತರ ದಶಕದಲ್ಲಿ ಜೈಲಿಗೆ ಹೋಗಿ ಬಂದವರು. ವಯಸ್ಸಾದ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹೋದವರೆಲ್ಲ ಹಳೇ ಕಥೆ ಹೇಳಿ ಅಂತ ಪೀಡಿಸುತ್ತಿದ್ದೆವು. ಒಂದು ದಿನ ಅವರು ‘ನನಗೆ ಟೀ ಕುಡಿಯೋಕೆ ಬಿಡ್ರೋ’ ಅಂದರು. ಅವತ್ತು ರಾತ್ರಿ ನನಗೆ ಶ್ರೀಧರನ್ ನೆನಪಾದ. ಮತ್ತೆ ನೋಡಿದೆ. ಸಿನಿಮಾ ಇದ್ದಿದ್ದು ಅವನ ಬಗ್ಗೆ ಅಲ್ಲ. ಅವನು ಹೀಗೇ ಇರಬೇಕು ಅಂತ ಪಟ್ಟು ಹಿಡಿದ ನಮ್ಮ ಬಗ್ಗೆ.

ಹಾಗಾಗಿ ಕೆಲವು ಸಿನಿಮಾಕ್ಕೆ ವಯಸ್ಸೂ ಬೇಕು. ಇದನ್ನು ಹೇಳಲು ನನಗೇ ಸ್ವಲ್ಪ ಮುಜುಗರ, ಯಾಕೆಂದರೆ ಚಿಕ್ಕವರ ಬಾಯಿ ಮುಚ್ಚಿಸಲು ದೊಡ್ಡವರು ಬಳಸುವ ಮಾತು ಇದು. ನಿಮಗೆ 36, ಇಷ್ಟು ಸಾಕು.

ಸರಿ, ಈಗ ಮಾವನ ಜೊತೆ ಯಾವುದು ನೋಡುವುದು?

‘ಎಲಿಪ್ಪತ್ತಾಯಂ’ ಸದ್ಯಕ್ಕೆ ಬೇಡ. ಮಾವನ ಪಕ್ಕದಲ್ಲಿ ಐದನೇ ಸಲ ನಿದ್ದೆ ಬಂದರೆ ಸಿನಿಮಾ ಮೇಲಿನ ಕೋಪ ಜೀವನಪೂರ್ತಿ ಉಳಿಯುತ್ತದೆ. ವರ್ಷದ ಕ್ರಮದಲ್ಲಿ ‘ಸ್ವಯಂವರಂ’ನಿಂದ ಶುರು ಮಾಡುವುದೂ ಬೇಡ. ಓಡಿಬಂದ ಜೋಡಿ ಊರಲ್ಲಿ ಬದುಕು ಕಟ್ಟಲು ಒದ್ದಾಡುವ ಕಥೆ. ಅದು ಆ ಕಾಲಕ್ಕೆ ಎಷ್ಟು ಹೊಸದಾಗಿತ್ತು ಅಂತ ಗೊತ್ತಾಗಲು 1972ರ ಉಳಿದ ಮಲಯಾಳಂ ಸಿನಿಮಾ ಹೇಗಿತ್ತು ಅಂತಲೂ ಗೊತ್ತಿರಬೇಕು.

ನಿಮ್ಮ ಊರಿನ ಕಾರಣಕ್ಕೆ ನನಗೆ ಮೊದಲು ಹೊಳೆದದ್ದು 1993ರ ‘ವಿಧೇಯನ್’. ಪಾಲ್ ಸಕ್ಕರಿಯಾ ಅವರ ನೀಳ್ಗತೆಯಿಂದ ಮಾಡಿದ್ದು, ಕಥೆ ನಡೆಯುವುದೇ ದಕ್ಷಿಣ ಕನ್ನಡದಲ್ಲಿ. ಮಮ್ಮುಟ್ಟಿ ಮಾಡಿದ ಭಾಸ್ಕರ ಪಟೇಲರ ಮಲಯಾಳಂ ಕೇಳಿ, ಕನ್ನಡ ಬೆರೆತ ಮಲಯಾಳಂ. ಪಟೇಲಿಕೆ ಹೋಗಿದೆ, ದರ್ಪ ಹೋಗಿಲ್ಲ. ಕೇರಳದಿಂದ ಜಮೀನು ಹುಡುಕಿಕೊಂಡು ಬಂದ ಕ್ರಿಶ್ಚಿಯನ್ ಕೃಷಿಕರ ಕಥೆ ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ಒಬ್ಬ ತೊಮ್ಮಿ. ಪಟೇಲರು ಶುರುವಿನಲ್ಲೇ ಅವನನ್ನು ಒದ್ದು ಮುಖಕ್ಕೆ ಉಗಿಯುತ್ತಾರೆ. ಅಲ್ಲಿಂದ ತೊಮ್ಮಿ ಅವರ ನೆರಳಾಗುತ್ತಾನೆ. ಗೋಪಕುಮಾರ್ ಬೆನ್ನು ಬಗ್ಗಿಸುವ ರೀತಿ ನೋಡಿ. ಹೆದರಿಕೆ ಯಾವಾಗ ಭಕ್ತಿಯಾಯಿತು ಅಂತ ಹೇಳಲು ಆಗುವುದಿಲ್ಲ. ಇದರಲ್ಲಿ ಕಥೆ ಬಿಗಿಯಾಗಿದೆ, ನಿದ್ದೆ ಬರುವುದಿಲ್ಲ. ಆದರೆ ಅಪಾಯವೂ ಇದೆ. ಹೆಣ್ಣಿನ ಮೇಲಿನ ದೌರ್ಜನ್ಯ, ಕೊಲೆ ಇದೆ. ಮನೆಮಂದಿ ಎಲ್ಲ ಕೂತು ಸಂಜೆ ಹೊತ್ತು ನೋಡುವ ಸಿನಿಮಾ ಅಲ್ಲ. ಒಬ್ಬರೇ ನೋಡಿ. ಮಮ್ಮುಟ್ಟಿ ಅದೇ ವರ್ಷ ‘ಪೊಂದನ್ ಮಾಡ’ದಲ್ಲಿ ಜಮೀನ್ದಾರನ ಕೆಳಗಿನ ಆಳಾಗಿ ನಟಿಸಿದ್ದರು. ಎರಡಕ್ಕೂ ಸೇರಿ ರಾಷ್ಟ್ರೀಯ ಪ್ರಶಸ್ತಿ ಬಂತು. ಒಂದೇ ವರ್ಷ ಒದೆಯುವವನೂ ಅವರೇ, ಆಳೂ ಅವರೇ.

‘ಮತಿಲುಕಳ್’ ಎಲ್ಲರೂ ಹೇಳುವ ಸುಲಭದ ಬಾಗಿಲು. ವೈಕಂ ಮುಹಮ್ಮದ್ ಬಷೀರ್ ಬರೆದ ಜೈಲಿನ ಕಥೆ, ಮಮ್ಮುಟ್ಟಿಯೇ ಬಷೀರ್. ಗೋಡೆಯ ಆಚೆ ಹೆಂಗಸರ ಜೈಲು. ಅಲ್ಲಿಂದ ನಾರಾಯಣಿ ಅನ್ನುವವಳ ದನಿ. ಅವಳನ್ನು ನಾವು ಒಮ್ಮೆಯೂ ನೋಡುವುದಿಲ್ಲ. ಅವಳು ಬಂದಿದ್ದಾಳೆ ಅಂತ ಗೊತ್ತಾಗುವುದು ಗೋಡೆಯ ಮೇಲೆ ಹಾರುವ ಒಣ ಕಡ್ಡಿಯಿಂದ. ದನಿ ನಟಿ ಕೆಪಿಎಸಿ ಲಲಿತಾ ಅವರದು. ಕೇರಳದಲ್ಲಿ ಎಲ್ಲರಿಗೂ ಗೊತ್ತಿರುವ ದನಿ, ಕೇಳಿದ ಕೂಡಲೇ ಮುಖ ನೆನಪಾಗುತ್ತದೆ ಅಂತ ಆಕ್ಷೇಪವೂ ಬಂದಿತ್ತು. ನಿಮಗೆ ಆ ತೊಂದರೆ ಕಡಿಮೆ. ಇದರ ಅಪಾಯ ಬೇರೆ ಥರದ್ದು. ಬಷೀರರ ಹಾಸ್ಯ, ಮಮ್ಮುಟ್ಟಿಯ ನಗು, ಇವೆರಡರಲ್ಲೇ ಖುಷಿಯಾಗಿ, ಅಡೂರ್ ಏನು ಮಾಡಿದರು ಅಂತ ಗೊತ್ತೇ ಆಗದೆ ಎದ್ದುಬಿಡಬಹುದು.

ಹಾಗಾಗಿ ಮಾವನ ಜೊತೆಗೆ ನನ್ನ ಆಯ್ಕೆ ‘ಕೊಡಿಯೇಟ್ಟಂ’. ಹೆಸರು ನಿಮಗೆ ಬಿಡಿಸಿ ಹೇಳಬೇಕಿಲ್ಲ, ಪುತ್ತೂರು ಜಾತ್ರೆಗೆ ಕೊಡಿ, ಅಂದರೆ ಬಾವುಟ, ಏರುತ್ತದಲ್ಲ, ಅದೇ. ಕಪ್ಪು ಬಿಳುಪು, ಹಿನ್ನೆಲೆ ಸಂಗೀತ ಇಲ್ಲ. ಹೆದರಬೇಡಿ. ಶಂಕರನ್‌ಕುಟ್ಟಿ ಅಂತ ಒಬ್ಬ. ವಯಸ್ಸು ಬೆಳೆದಿದೆ, ಅವನು ಬೆಳೆದಿಲ್ಲ. ತಂಗಿ ಪೇಟೆಯಲ್ಲಿ ಮನೆಗೆಲಸ ಮಾಡಿ ಕಳಿಸುವ ದುಡ್ಡಿನಲ್ಲಿ ಊಟ, ಮಕ್ಕಳ ಜೊತೆ ಆಟ, ಎಲ್ಲಿ ಜಾತ್ರೆಯೋ ಅಲ್ಲಿ ಅವನು. ಒಂದು ಲಾರಿ ವೇಗವಾಗಿ ಬಂದು ಅವನಿಗೆ ಕೆಸರು ಎರಚಿಕೊಂಡು ಹೋಗುತ್ತದೆ. ಬೈಯಬೇಕು ಅಲ್ವಾ? ಅವನು ಲಾರಿ ಹೋದ ದಿಕ್ಕಿಗೇ ನೋಡುತ್ತಾ ‘ಹೋ, ಎಂಥಾ ಸ್ಪೀಡು’ ಅಂತ ಖುಷಿಪಡುತ್ತಾನೆ. ಇಡೀ ಮನುಷ್ಯ ಆ ಒಂದು ಮಾತಲ್ಲಿದ್ದಾನೆ. ಮಲಯಾಳಿಗಳಿಗೆ ಇವತ್ತಿಗೂ ಬಾಯಿಪಾಠ. ಮಾವನ ಎದುರು ಅದನ್ನು ಮಲಯಾಳಂನಲ್ಲೇ ಹೇಳಿ ನೋಡಿ. ಮುಂದೆ ಇದೇ ಮನುಷ್ಯ ಲಾರಿಯ ಕ್ಲೀನರ್ ಆಗುತ್ತಾನೆ. ಬಿಟ್ಟುಹೋದ ಹೆಂಡತಿಯ ಮನೆಗೆ ಕೊನೆಗೆ ಏನು ಹಿಡಿದುಕೊಂಡು ಹೋಗುತ್ತಾನೆ ಅಂತ ನಾನು ಹೇಳುವುದಿಲ್ಲ. ಅಷ್ಟು ಸಣ್ಣ ವಸ್ತು ಅಷ್ಟು ದೊಡ್ಡದಾಗಿ ಕಾಣಬೇಕಾದರೆ ಅದಕ್ಕೂ ಮೊದಲಿನ ಎರಡು ಗಂಟೆ ಬೇಕು.

ನಟ ಗೋಪಿ. ನಾಟಕದಿಂದ ಬಂದವರು. ಈ ಪಾತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿ ಬಂತು, ಆಗ ಅದರ ಹೆಸರು ‘ಭರತ್’, ಹಾಗಾಗಿ ಮುಂದೆ ಭರತ್ ಗೋಪಿ ಎಂದೇ ಆದರು. ಆ ವರ್ಷ, ಅಂದರೆ 1977ರ ಸಾಲಿನಲ್ಲಿ, ಸ್ವರ್ಣಕಮಲ ಬಂದಿದ್ದು ನಮ್ಮ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ. ಮಾವ ತೀರಾ ಕೊಚ್ಚಿಕೊಂಡರೆ ಇದನ್ನು ಮೆಲ್ಲಗೆ ಹೇಳಬಹುದು.

‘ಕೊಡಿಯೇಟ್ಟಂ’ನಲ್ಲೂ ಒಂದು ಅಪಾಯ ಇದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಕೆಲವು ಪ್ರತಿಗಳು ತೀರಾ ಮಬ್ಬು, ಶಬ್ದ ಹರಿದಿರುತ್ತದೆ. ಮಂಕಡ ರವಿವರ್ಮ ಅವರ ಛಾಯಾಗ್ರಹಣ ಅದರಲ್ಲಿ ಕಾಣುವುದೇ ಇಲ್ಲ. ಒಳ್ಳೇ ಪ್ರತಿ ಸಿಗದಿದ್ದರೆ ‘ಮತಿಲುಕಳ್’ಗೆ ಹೋಗಿ. ಹಟ ಬೇಡ.

ಮೊದಲೇ ವಿಮರ್ಶೆ ಓದಿಕೊಂಡು ಕೂರುವುದನ್ನು ಈ ಸಲ ಬಿಡಿ, ಇಲಿಯ ಕಥೆ ಆಯಿತಲ್ಲ. ಊಟವಾದ ಮೇಲೆ ನೋಡಬೇಡಿ, ಭಾನುವಾರ ಬೆಳಿಗ್ಗೆ ತಿಂ​ಡಿಯಾದ ಮೇಲೆ ಕೂರಿ. ಫೋನು ಪಕ್ಕದ ಕೋಣೆಯಲ್ಲಿರಲಿ. ಮುಂದೆ ಎಂದಾದರೂ ‘ಎಲಿಪ್ಪತ್ತಾಯಂ’ಗೆ ವಾಪಸ್ಸು ಹೋದರೆ, ನಾನು ವಿದ್ಯಾರ್ಥಿಗಳಿಗೆ ಕೊಡುವ ಕೆಲಸವನ್ನೇ ನಿಮಗೂ ಕೊಡುತ್ತೇನೆ: ಉಣ್ಣಿ ಎಷ್ಟು ಸಲ ‘ರಾಜಮ್ಮಾ’ ಅಂತ ಕೂಗಿದ ಅಂತ ಒಂದು ಚೀಟಿಯಲ್ಲಿ ಗೀಟು ಎಳೆಯುತ್ತಾ ಹೋಗಿ. ಸಂಕೇತ, ಊಳಿಗಮಾನ್ಯ ವ್ಯವಸ್ಥೆ, ಯಾವುದೂ ತಲೆಯಲ್ಲಿ ಬೇಡ. ಗೀಟು ಎಳೆಯುವವರು ನಿದ್ದೆ ಹೋಗಿದ್ದನ್ನು ನಾನು ನೋಡಿಲ್ಲ.

ಇಷ್ಟಾದ ಮೇಲೂ ಹಿಡಿಸದಿದ್ದರೆ? ಬಿಟ್ಟುಬಿಡಿ. ಅದೂ ಒಂದು ದಾರಿಯೇ. ನನಗೇ 2016ರ ‘ಪಿನ್ನೆಯುಂ’ ಹಿಡಿಸಲಿಲ್ಲ. ಕತೆ ತೂಕಡಿಸಿತು, ನಾನಲ್ಲ. ಫಾಲ್ಕೆ ಪ್ರಶಸ್ತಿ ಬಂದವರ ಎಲ್ಲ ಸಿನಿಮಾವೂ ಒಂದೇ ಎತ್ತರದಲ್ಲಿ ಇರಬೇಕು ಅಂತ ಏನಿಲ್ಲ.

ಇನ್ನು ನಿಮ್ಮ ಹೆಂಡತಿಯ ವಿಷಯ. 2025ರ ಆಗಸ್ಟ್‌ನಲ್ಲಿ ತಿರುವನಂತಪುರದ ಸಿನಿಮಾ ನೀತಿ ಸಮಾವೇಶದಲ್ಲಿ ಅಡೂರ್ ಆಡಿದ ಮಾತು ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಸಿನಿಮಾ ಮಾಡಲು ಸರ್ಕಾರ ಕೊಡುವ ಒಂದೂವರೆ ಕೋಟಿ ಜಾಸ್ತಿಯಾಯಿತು, ಮೊದಲು ತರಬೇತಿ ಬೇಕು ಅನ್ನುವ ಅರ್ಥದ ಮಾತು ಅದು. ಅಲ್ಲೇ, ಸಭೆಯಲ್ಲೇ ಪ್ರತಿಭಟನೆ ಬಂತು. ನನಗೂ ಸರಿ ಕಾಣಲಿಲ್ಲ. ಮೊದಲ ಸಿನಿಮಾಕ್ಕೆ ಸರ್ಕಾರಿ ಸಂಸ್ಥೆಯ ಸಾಲ ಪಡೆದವರ ಬಾಯಲ್ಲಿ ಈ ಮಾತು ಬಂದದ್ದು ಇನ್ನೂ ಬೇಸರ. ಆದ್ದರಿಂದ ಆಕೆಗೆ ಏನೂ ಹೇಳಬೇಡಿ. ‘ಕಲೆ ಬೇರೆ, ಕಲಾವಿದ ಬೇರೆ’ ಅಂತ ಪಾಠವಂತೂ ಬೇಡವೇ ಬೇಡ. ನೋಡಬೇಡ ಅನ್ನಿಸಿದವರು ನೋಡದೆ ಇರಬಹುದು. ನಾನು ನೋಡುತ್ತೇನೆ, ಯಾಕೆಂದರೆ ಮನೆಯ ಹೆಣ್ಣುಮಕ್ಕಳ ದುಡಿಮೆ ಕಣ್ಣಿಗೇ ಬೀಳದ ಗಂಡಸನ್ನು ನನಗೆ ಅಷ್ಟು ಹತ್ತಿರದಿಂದ ತೋರಿಸಿದ್ದು ಅದೇ ಮನುಷ್ಯ. ಎರಡೂ ನಿಜ, ಒಂದಕ್ಕೊಂದು ಹೊಂದುವುದಿಲ್ಲ, ಏನು ಮಾಡುವುದು? ಆಕೆ ಒಳಗೆ ಬೇರೇನೋ ಕೆಲಸದಲ್ಲಿದ್ದು ನೀವು, ಮಾವ ಹೊರಗೆ ಕೂತು ಸಿನಿಮಾ ನೋಡುತ್ತಿದ್ದರೆ ಮಾತ್ರ ಒಂದು ಎಚ್ಚರ ಇರಲಿ: ಟೀ ನೀವೇ ಎದ್ದು ಮಾಡಿ.

ಸಿನಿಮಾ ಮುಗಿದ ಕೂಡಲೇ ಮಾವನನ್ನು ‘ಇದರ ಅರ್ಥ ಏನು’ ಅಂತ ಕೇಳಬೇಡಿ. ಯಾವ ಊರಿನ ಯಾವ ಥಿಯೇಟರಿನಲ್ಲಿ, ಯಾರ ಜೊತೆ ನೋಡಿದ್ದಿರಿ ಅಂತ ಕೇಳಿ. ನಡುವೆ ಅವರಿಗೇ ತೂಕಡಿಕೆ ಬಂದರೆ ಎಬ್ಬಿಸಬೇಡಿ. ವಾಲ್ಯೂಮ್ ಮಾತ್ರ ಇಳಿಸಬೇಡಿ.